ಗುಂಡಕಲ್ಲು, ಬಿ ಸೈಡು

ಕಿಟಕಿಯ ಗಾಜು ನಡುಗುತ್ತಿದೆ, ಟಕ ಟಕ ಟಕ, ಆರು ಸಲ ಬಡಿದು ಏಳನೆಯದನ್ನು ನುಂಗುತ್ತದೆ, ಮತ್ತೆ ಆರು, ಮತ್ತೆ ನುಂಗು, ಬೇರೆ ದಿನವಾಗಿದ್ದರೆ ಚೀಲದಿಂದ ರೆಕಾರ್ಡರ್ ತೆಗೆದು ಗಾಜಿಗೆ ಮೈಕು ಹಿಡಿಯುತ್ತಿದ್ದೆ, ಯಾಕ್ರಿ ನಿಂಗರಾಜ, ಬಸ್ಸಿಗೆ ಜ್ವರಾ ಬಂದೈತೇನ್ರಿ ಅಂತ ಕಂಡಕ್ಟರ್ ಕೇಳುತ್ತಿದ್ದ, ಇವತ್ತು ಬೇಡ, ಇವತ್ತು ಯಾವ ಸದ್ದೂ ಬೇಡ, ಬಸ್ಸು ಓಡಿದರೆ ಸಾಕು — ಬೈಲಹೊಂಗಲ ಬಿಟ್ಟು ಕಾಲು ತಾಸಾಯಿತು, ನೇಸರಗಿಗೆ ಇನ್ನೂ ಅರ್ಧ ತಾಸು, ಅಪ್ಪ ಎಂಟರ ಬಸ್ಸಿಗೇ ಹೋಗಿದ್ದಾನೆ, ಈಗ ಹತ್ತಾಗಿದೆ, ಅಂದರೆ ಒಂಬತ್ತಕ್ಕೆ ಶಟ್ಟೆವ್ವತ್ತೆಯ ಮನೆ ಮುಟ್ಟಿದ್ದಾನೆ, ಕೈಕಾಲು ತೊಳೆದಿದ್ದಾನೆ, ಚಹಾ ಕುಡಿದಿದ್ದಾನೆ, ಪಂಚಮಿಗೆ ಕರೆಯಲು ಬಂದಿದ್ದೇನೆ, ತಯಾರಾಗು ಅಕ್ಕಾ ಅಂದಿದ್ದಾನೆ, ಅದು ಪ್ರತಿವರ್ಷದ್ದು, ಎಪ್ಪತ್ತು ದಾಟಿದ ಅಕ್ಕನನ್ನು ಅರವತ್ತೇಳರ ತಮ್ಮ ತವರಿಗೆ ಕರೆದುಕೊಂಡು ಬರುವುದು, ಅದರಲ್ಲಿ ಹೆದರುವಂಥದ್ದೇನಿಲ್ಲ, ಹೆದರುವಂಥದ್ದು ಅವನ ಅಂಗಿಯ ಕಿಸೆಯಲ್ಲಿದೆ. ಬೆಳಿಗ್ಗೆ ಅಂಗಡಿಗೆ ಹೊರಟವನು ಕ್ಯಾಸೆಟ್ಟಿನ ಡಬ್ಬ ತೆರೆದೆ, ಮೇಲಿನ ಸಾಲಿನಲ್ಲಿ ಹಲ್ಲು ಬಿದ್ದ ಹಾಗೆ ಒಂದು ಖಾಲಿ, ಅವ್ವಾ ಇದರಾಗಿಂದು ಯಾರ ತಗೊಂಡ್ರು ಅಂದೆ, ಅವ್ವ ಉಂಡಿ ಕಟ್ಟುತ್ತಿದ್ದವಳು ತಲೆ ಎತ್ತದೆ, ನಿಮ್ಮಪ್ಪಾರು ಒಯ್ದ್ರಪಾ, ಅಕ್ಕನ ಧ್ವನಿ ಅಕ್ಕಗ ಕೇಳಸ್ತೇನಿ ಅಂತ ಕಿಸೇದಾಗ ಹಾಕ್ಕೊಂಡ ಹ್ವಾದ್ರು, ಹಬ್ಬ ಮುಂದಿಟ್ಟಕೊಂಡ ಹಂಗ್ಯಾಕ ನಿಂತೀ ದೆವ್ವ ಬಡದಾಂಗ ಅಂದಳು. ಚಪ್ಪಲಿ ಮೆಟ್ಟಿದ್ದು ನೆನಪಿಲ್ಲ.

ಎಸ್‌ಟಿಡಿ ಬೂತಿನಿಂದ ಫೋನ್ ಹಚ್ಚಿದೆ, ಅತ್ತೆಯ ಓಣಿಯಲ್ಲಿ ಫೋನಿರುವುದು ಒಂದೇ ಮನೆಗೆ, ರಿಂಗಾಗಿ ರಿಂಗಾಗಿ ನಿಂತಿತು, ಕರೆಂಟು ಇರಬಾರದು ದೇವರೇ, ಇಡೀ ಬೇಸಿಗೆ ಕರೆಂಟು ಹೋದಾಗೆಲ್ಲ ಬೈದವನು ನಾನು, ಮೈಕ್‌ಸೆಟ್ಟಿನವನು ಕರೆಂಟು ಹೋಗಲಿ ಅಂತ ಬೇಡಿಕೊಳ್ಳುವ ಕಾಲ ಬಂತು ನೋಡು, ಆದರೆ ಅತ್ತೆಯ ಟೇಪು ಸೆಲ್ಲಿನ ಮೇಲೂ ನಡೆಯುತ್ತದೆ, ಅದನ್ನು ಅವಳಿಗೆ ತಂದುಕೊಟ್ಟವನೂ ನಾನೇ, ಮಾಡಿದ್ದುಣ್ಣೋ ಮಹಾರಾಯ. ಆ ಕ್ಯಾಸೆಟ್ಟಿನಲ್ಲಿ ಏಳು ಹಾಡು, ಎ ಸೈಡಿಗೆ ನಾಲ್ಕು, ಬಿ ಸೈಡಿಗೆ ಮೂರು, ಮೂರು ವರ್ಷದ ಕೆಲಸ, ಬರೆದವನು ನಾನು, ಹಾಡಿದವನು ನಾನು, ಗಿಟಾರು ನಾನು, ಹಿಂದೆ ಯಾವ ಕಂಪನಿಯೂ ಇಲ್ಲ, ಕವರಿನ ಚಿತ್ರ ಕೂಡ ನನ್ನದೇ, ಕಿತ್ತೂರಿನಲ್ಲಿ ಹೈವೇ ಬದಿ ನಿಂತು ಹಿಡಿದ ಲಾರಿಗಳ ಹಾರ್ನು, ರಾಮದುರ್ಗದ ಮಗ್ಗದ ಹೊಡೆತವೇ ಡ್ರಮ್ಮು, ನವಿಲುತೀರ್ಥದ ಅಣೆಕಟ್ಟಿನಲ್ಲಿ ಗೇಟು ಎತ್ತುವಾಗ ನೀರಿಗಿಂತ ಮೊದಲು ಕಬ್ಬಿಣ ನರಳುತ್ತದಲ್ಲ ಅದು, ಗಿಟಾರನ್ನು ಮೈಕ್‌ಸೆಟ್ಟಿನ ಹಳೆಯ ಸ್ಪೀಕರಿಗೆ ಜೋಡಿಸಿದರೆ ಸೀಳಿಕೊಂಡು ಬರುವ ದನಿ — ತೊಂಬತ್ತೆರಡರಲ್ಲಿ ಧಾರವಾಡದ ಹಾಸ್ಟೆಲ್ಲಿನಲ್ಲಿ ಯಾರದೋ ಕ್ಯಾಸೆಟ್ಟಿನಲ್ಲಿ ರಾಕ್ ಅನ್ನುವುದನ್ನು ಮೊದಲ ಸಲ ಕೇಳಿದಾಗ ಇದು ನಮ್ಮ ಗಿರಣಿಯ ಸದ್ದಲ್ಲವೇ ಅಂದುಕೊಂಡಿದ್ದೆ, ಅಪ್ಪನ ಹಿಟ್ಟಿನ ಗಿರಣಿ, ಮೂವತ್ತು ವರ್ಷ ಅದರ ಬೆಲ್ಟಿನ ಪಕ್ಕ ನಿಂತು ನಿಂತು ಅಪ್ಪನ ಕಿವಿ ಮಂದವಾಗಿವೆ, ಕೂಗಿದರೆ ಕೇಳುವುದಿಲ್ಲ, ಭುಜ ಮುಟ್ಟಬೇಕು, ಅದಕ್ಕೇ ಟೇಪು ಹಚ್ಚಿದನೆಂದರೆ ವಾಲ್ಯೂಮನ್ನು ಪೂರ್ತಿ ತಿರುವಿಬಿಡುತ್ತಾನೆ, ಅವನಿಗೊಬ್ಬನಿಗೆ ಕೇಳಿಸಲು ಓಣಿಗೆಲ್ಲ ಕೇಳಿಸಬೇಕು. ರಾಕ್ ಅಂದ್ರ ಕಲ್ಲಲ್ಲೇನೋ, ಹಂಗಾರ ಗುಂಡಕಲ್ಲು ಅಂತ ಹೆಸರಿಡು ನಿನ್ನ ಕ್ಯಾಸೆಟ್ಟಿಗೆ, ಮಂದಿಗೆ ತಿಳೀತೈತಿ ಅಂದ, ಚೇಷ್ಟೆಗೆ ಅಂದದ್ದು, ನನಗೆ ಹಿಡಿಸಿತು, ಹೆಸರು ಅದೇ ಆಯಿತು, ಹೆಸರಿಟ್ಟವನು ಅಪ್ಪ. ಅವನಿಗೆ ಎ ಸೈಡು ಮಾತ್ರ ಕೇಳಿಸಿದ್ದೇನೆ, ಬಿ ಸೈಡು ಇನ್ನೂ ಸರಿಯಾಗಿಲ್ಲ ಅಂತ ಸುಳ್ಳು ಹೇಳಿದ್ದೇನೆ, ಅದರಲ್ಲಿ ಅಕ್ಕ ಹಾಡಿದ್ದಾಳೆ ಅನ್ನುವುದಷ್ಟೇ ಅವನಿಗೆ ಗೊತ್ತು.

ಬಸ್ಸು ಯಾಕೆ ನಿಧಾನವಾಯಿತು, ಕುರಿ, ರಸ್ತೆ ತುಂಬ ಕುರಿ, ಡ್ರೈವರ್ ಹಾರ್ನು ಒತ್ತುತ್ತಾನೆ, ಕುರಿಗಳಿಗೆ ಯಾವ ಅವಸರ, ಇಳಿದು ಓಡಲೇ, ಹುಚ್ಚಾ, ಇನ್ನೂ ಹತ್ತು ಕಿಲೋಮೀಟರ್ ಇದೆ — ಅತ್ತೆ ಹಾಡಿ ಅಳುವವಳು, ಸುತ್ತ ಐದಾರು ಊರಲ್ಲಿ ಯಾರ ಮನೆಯಲ್ಲಿ ಸಾವಾದರೂ ಶಟ್ಟೆವ್ವನ್ನ ಕರೀರಿ ಅನ್ನುತ್ತಾರೆ, ಅವಳು ಸತ್ತವರ ಮುಂದೆ ಕುಳಿತು ಅವರ ಹೆಸರು ಹಿಡಿದು, ಅವರು ಉಂಡದ್ದು ಉಟ್ಟದ್ದು ಕೊಟ್ಟದ್ದು ಎಲ್ಲ ಹಾಡು ಕಟ್ಟಿ ಅತ್ತರೆ ಕಲ್ಲಿನಂಥ ಗಂಡಸರೂ ಗೋಡೆಯ ಕಡೆ ಮುಖ ಮಾಡುತ್ತಾರೆ, ಆ ದನಿ ನನಗೆ ಬೇಕಾಗಿತ್ತು, ಏಳನೆಯ ಹಾಡಿಗೆ, ಒಂದು ವರ್ಷ ಗಂಟುಬಿದ್ದೆ. ಏ ಹುಚ್ಚಪ್ಪಾ, ಹೆಣಾ ಇಲ್ಲದ ಹಾಡ್ಯಾಡಿ ಅತ್ರ ಆ ಅಳು ಹೆಣಾ ಹುಡುಕ್ಕೋಂತ ಹೊಕ್ಕೈತಿ ಅಂದಳು, ನಾನು ನಕ್ಕೆ, ಓದಿದವನಲ್ಲವೇ, ನಕ್ಕೆ. ಸತ್ತುಹೋದ ಮಾವನಿಗೇ ಇನ್ನೊಮ್ಮೆ ಅಳು ಅಂದರೆ, ಅವರಿಗೆ ಅತ್ತ ಮುಗಿಸೇನಿ, ಎರಡ ಸಲ ಅತ್ರ ಅಲ್ಲಿ ಅವರಿಗೆ ನಿದ್ದಿ ಹತ್ತೂದಿಲ್ಲ ಅಂದಳು. ಕಡೆಗೆ ಮಾರ್ಚ್ ತಿಂಗಳ ಒಂದು ಮಧ್ಯಾಹ್ನ ತಾನೇ ಹಾದಿ ಹುಡುಕಿದಳು, ಮಗುವಿಗೆ ಹೆಸರಿಡುವಾಗ ಮೊದಲು ತೊಟ್ಟಿಲಿಗೆ ಗುಂಡಕಲ್ಲು ಹಾಕುತ್ತಾರಲ್ಲ, ಮಗುವಿನ ಪೀಡೆ ಕಲ್ಲಿಗೆ ಹೋಗಲಿ ಅಂತ, ಹಾಗೆ ಸಾವಿಗೂ ಕಲ್ಲನ್ನೇ ಕೂರಿಸೋಣ ಅಂತ. ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಗೋಡೆಗೆ ಒರಗಿಸಿ ಕೂರಿಸುತ್ತೇವೆ, ಹಣೆಗೆ ವಿಭೂತಿ, ತಲೆಗೆ ರುಮಾಲು, ಅತ್ತೆ ಒರಳಿನ ಗುಂಡನ್ನು ಗೋಡೆಗೆ ಒರಗಿಸಿದಳು, ವಿಭೂತಿ ಬಳಿದಳು, ಮಾವನ ಹಳೆಯ ರುಮಾಲು ಸುತ್ತಿದಳು, ಇವನ ಹೆಸರು ಕಲ್ಲಪ್ಪ ಅಂದು ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು, ಆ ನಗುವೂ ಟೇಪಿನಲ್ಲಿದೆ. ಎರಡು ಸಾಲು ಕಲ್ಲಪ್ಪನಿಗೇ ಹಾಡಿದಳು, ಚೇಷ್ಟೆ ಇತ್ತು, ಕಲ್ಲಪ್ಪ ಉಂಡ ರೊಟ್ಟಿ ಕಲ್ಲಪ್ಪ ಕುಡಿದ ಮಜ್ಜಿಗೆ, ಮೂರನೆಯ ಸಾಲಿಗೆ ಅವಳ ದನಿ ತಾನಾಗಿಯೇ ತಿರುಗಿತು, ನೊಗಕ್ಕೆ ಹೂಡಿದ ಎತ್ತು ರೂಢಿಯ ಹಾದಿ ಹಿಡಿದ ಹಾಗೆ — ಪಂಚಮಿ ಬಂತಲ್ಲೋ ನನ ತಮ್ಮಾ, ಕರಿಯಾಕ ನೀ ಬರಲಿಲ್ಲೋ, ತವರೀನ ಹಾದಿಗೆ ಮುಳ್ಳ ಬಡದ ಹೋದೆಲ್ಲೋ, ನಿಜಗುಣಾ, ನನ ತಮ್ಮಾ. ನಿಜಗುಣಪ್ಪ ಅವಳಿಗೆ ಒಬ್ಬನೇ ತಮ್ಮ, ನನ್ನ ಅಪ್ಪ, ಆ ಹೊತ್ತಿಗೆ ಬೈಲಹೊಂಗಲದಲ್ಲಿ ಗಿರಣಿಯ ಬಾಗಿಲಲ್ಲಿ ಕುಳಿತು ಯಾರಿಗೋ ಜೋಳ ಬೀಸಿಕೊಡುತ್ತಿದ್ದ.

ಹಾಡು ಮುಗಿದ ಮೇಲೆ ಅವಳ ಮುಖ ನೋಡಿದೆ, ಏನು ಹಾಡಿದೆ ಅನ್ನುವುದು ಅವಳಿಗೆ ನಿಧಾನಕ್ಕೆ ಗೊತ್ತಾಗುತ್ತಿತ್ತು, ಮೊದಲು ಕಣ್ಣಿಗೆ, ಆಮೇಲೆ ಬಾಯಿಗೆ, ನಿಂಗ್ಯಾ ನಾ ಏನಂದೆ, ಯಾರ ಹೆಸರ ತಗೊಂಡೆ ಅಂದಳು, ನಾನು ಹೆಡ್‌ಫೋನ್ ಹಾಕಿಕೊಂಡೇ ಇದ್ದೆ, ಖುಷಿಯಲ್ಲಿದ್ದೆ, ನಾಚಿಕೆಗೇಡು, ಖುಷಿಯಲ್ಲಿದ್ದೆ, ಅಂಥ ದನಿ ನಾನು ಎಲ್ಲೂ ಕೇಳಿರಲಿಲ್ಲ. ಅವಳು ನನ್ನ ಮೊಣಕೈ ಹಿಡಿದು, ಆ ಹೆಸರ ತಗದ ಬಿಡಪಾ, ಯಾರ ಕಿವಿಗೂ ಬೀಳೂದು ಬ್ಯಾಡ, ನನ್ನ ಕಿವಿಗೂ ಬ್ಯಾಡ, ಲಿಂಗಾ ಮುಟ್ಟಿ ಆಣಿ ಮಾಡು ಅಂದಳು, ನಾನು ಅಂಗಿಯ ಮೇಲಿಂದಲೇ ಎದೆ ಮುಟ್ಟಿದೆ, ತಗೀತೇನಿ ಅತ್ತಿ ಅಂದೆ, ಅಂಗಿಯೊಳಗೆ ಲಿಂಗವಿಲ್ಲ, ಅದನ್ನು ಬಿಚ್ಚಿಟ್ಟು ಒಂಬತ್ತು ವರ್ಷವಾಯಿತು, ದಾರಕ್ಕೆ ಕಟ್ಟಿದ್ದು ಗಿಟಾರು ಮೀಟುವ ಪ್ಲಾಸ್ಟಿಕ್ಕಿನ ಚೂರು, ಅದನ್ನು ಮುಟ್ಟಿ ಆಣೆ ಮಾಡಿದೆ, ಅವಳು ನಂಬಿದಳು. ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ, ತೆಗೆದೆ, ನಿಜವಾಗಿಯೂ ಕಂಪ್ಯೂಟರಿನ ಮುಂದೆ ಕುಳಿತು ಆ ಹೆಸರನ್ನು ಕತ್ತರಿಸಿದೆ, ಕತ್ತರಿಸಿದ ಕಡೆ ಹಾಡು ಮುಗ್ಗರಿಸಿತು, ತಿರುಗಾಮುರುಗಾ ಮಾಡಿ ಹಿಂದಿನಿಂದ ಓಡಿಸಿ ನೋಡಿದೆ, ತಮ್ಮಾ ಅನ್ನುವುದು ಮ್ಮಾತ ಮ್ಮಾತ ಅಂತ ಬೇರೆಯೇ ಏನೋ ಕರೆದ ಹಾಗಾಯಿತು, ಅದು ಇನ್ನೂ ಭಯ, ಹೆಸರನ್ನು ವಾಪಸು ಇಟ್ಟೆ, ಇಟ್ಟ ಮೇಲೆ ಒಂದು ಸಲ ಸಾಲದು ಅನ್ನಿಸಿತು, ಎರಡು ಸಲ ಇಟ್ಟೆ, ನಾಲ್ಕು ಸಲ, ಕಡೆಗೆ ಹದಿನಾಲ್ಕು ಸಲ, ನಿಜಗುಣಾ ನನ ತಮ್ಮಾ, ನಿಜಗುಣಾ ನನ ತಮ್ಮಾ, ಅದರ ಮೇಲೆ ಗಿಟಾರು, ಅದರ ಮೇಲೆ ಮೈಕನ್ನು ಸ್ಪೀಕರಿಗೆ ಹಿಡಿದರೆ ಹುಟ್ಟುವ ಕೂಗು, ಕೊನೆಗೆ ಆ ಕೂಗೊಂದೇ ನಾಲ್ಕು ನಿಮಿಷ, ಬೆಳಗಾವಿಯ ಗೆಳೆಯನಿಗೆ ಕೇಳಿಸಿದೆ, ಎದಿ ಒಡೀತಲೇ ಅಂದ, ಹೊಗಳಿಕೆ ಅಂತ ತಿಳಿದೆ.

ಕುರಿ ದಾಟಿದವು, ಬಸ್ಸು ಹೊರಟಿತು, ಶಕುನ ಗಿಕುನ ನಾನು ನಂಬುವುದಿಲ್ಲ, ಇದನ್ನು ಸ್ಪಷ್ಟವಾಗಿ ಹೇಳಿಕೊಳ್ಳುತ್ತೇನೆ, ಬೆಕ್ಕು ಅಡ್ಡ ಬಂದರೆ ನಿಲ್ಲುವವನಲ್ಲ, ಅಮಾವಾಸ್ಯೆಗೆ ಹೊಸ ಅಂಗಡಿ ತೆರೆದವನು, ನಂಬಿಕೆ ಇಲ್ಲ, ಹೆದರಿಕೆ ಇದೆ, ಎರಡೂ ಒಂದೇ ಮನೆಯಲ್ಲಿ ಹೇಗಿರುತ್ತವೋ ಗೊತ್ತಿಲ್ಲ, ಇವೆ. ಮಾರ್ಚಿನಲ್ಲಿ ಹಾಡಿದ್ದು, ಏಪ್ರಿಲ್‌ನಲ್ಲಿ ಅಪ್ಪ ಬಚ್ಚಲಲ್ಲಿ ಜಾರಿದ, ಅದು ಪಾಚಿ, ಮೇನಲ್ಲಿ ಗಿರಣಿಯ ಬೆಲ್ಟು ಹರಿದು ಅವನ ಕಿವಿಯ ಪಕ್ಕ ಹಾದುಹೋಯಿತು, ಅದು ಹಳೆಯ ಬೆಲ್ಟು, ಜೂನಿನಲ್ಲಿ ಮಾಳಿಗೆಯ ಮೆಟ್ಟಿಲು ಹತ್ತುತ್ತ ನಡುವೆ ನಿಂತುಬಿಟ್ಟ, ಏನಾತಪಾ ಅಂದೆ, ಏನಿಲ್ಲ ಎದ್ಯಾಗ ಯಾರೋ ಬೀಸಾಕತ್ತಾರ ಅನಿಸ್ತು, ಹೋತು ಅಂದು ನಕ್ಕ, ಡಾಕ್ಟರು ಬೆಳಗಾವಿಗೆ ಕರ್ಕೊಂಡ ಹೋಗ್ರಿ, ತಡಾ ಮಾಡಬ್ಯಾಡ್ರಿ ಅಂದರು, ಪಂಚಮಿ ಆಗಲಿ ಅಂದ ಅಪ್ಪ, ಅಕ್ಕನ್ನ ಕರ್ಕೊಂಡ ಬಂದ ಆಮೇಲೆ ಅಂದ. ಮೂರು ತಿಂಗಳಿಗೆ ಮೂರು, ಸೇರಿಸಿ ನೋಡಬಾರದು ಅಂದುಕೊಂಡೇ ಸೇರಿಸಿದ್ದೇನೆ, ಆ ದಿನಗಳಲ್ಲಾದರೂ ಆ ಹೆಸರನ್ನು ಅಳಿಸಬಹುದಿತ್ತು, ಅಳಿಸಲಿಲ್ಲ, ಹೆದರುತ್ತ ಹೆದರುತ್ತಲೇ ಇನ್ನೂರು ಕ್ಯಾಸೆಟ್ ತುಂಬಿದೆ, ರಾತ್ರಿಹಗಲು ಡೆಕ್ಕುಗಳು ತಿರುಗಿದವು, ಒಂದೊಂದು ಕ್ಯಾಸೆಟ್ಟಿನಲ್ಲಿ ಹದಿನಾಲ್ಕು ಸಲ ಅಂದರೆ ಅಪ್ಪನನ್ನು ಎಷ್ಟು ಸಲ — ಬೇಡ, ಗುಣಿಸಬೇಡ. ಹಾಡು ಚಂದ ಆಯಿತಲ್ಲ, ಅಷ್ಟೇ, ಅದರ ಚಂದ ಬಿಡಲಾಗಲಿಲ್ಲ, ಅಪ್ಪನನ್ನು ತಕ್ಕಡಿಯ ಒಂದು ತಟ್ಟೆಗೆ, ಹಾಡನ್ನು ಇನ್ನೊಂದಕ್ಕೆ ಹಾಕಿದೆ, ತಕ್ಕಡಿ ಎತ್ತ ವಾಲಿತು ಅಂತ ನನಗೊಬ್ಬನಿಗೇ ಗೊತ್ತು.

ನೇಸರಗಿ, ನೇಸರಗಿ ಇಳೀರಿ ಅಂತ ಕಂಡಕ್ಟರ್ ಕೂಗುವ ಮೊದಲೇ ಬಾಗಿಲಲ್ಲಿದ್ದೆ, ಇಳಿದು ಓಡುವವನ ಹಾಗೆ ಕಾಣಬಾರದೆಂದು ಜೋರಾಗಿ ನಡೆದೆ, ಜೋಕಾಲಿಗೆ ಹಗ್ಗ ಮಾರುವವನು, ಹುರಿದ ಜೋಳದ ಅಳ್ಳಿನ ಚೀಲ, ಬಳೆಗಾರರ ಕಟ್ಟೆ, ಎಲ್ಲವೂ ಹಬ್ಬದ ಹಿಂದಿನ ದಿನ ಇರಬೇಕಾದ ಹಾಗೆಯೇ ಇದೆ, ಊರು ಹೀಗಿದೆ ಅಂದಮೇಲೆ ಏನೂ ಆಗಿಲ್ಲ, ಆಗಿದ್ದರೆ ಇಷ್ಟು ನಗು ಇರುತ್ತಿರಲಿಲ್ಲ, ಅತ್ತೆಯ ಓಣಿಯ ತಿರುವಿನಲ್ಲಿ ಒಬ್ಬಳು ಹೆಂಗಸು ನನ್ನನ್ನು ದಾಟಿ ಓಡಿದಳು, ತಲೆಯ ಮೇಲೆ ಸೆರಗು, ಕೈಗೆ ಹಿಟ್ಟು ಮೆತ್ತಿಕೊಂಡೇ ಇದೆ, ಪಕ್ಕದ ಮನೆಯ ಮರೆವ್ವ, ಗುರುತು ಸಿಕ್ಕಿತು, ಮರೆವ್ವಾಯೀ ಏನಾಗೇತಿ ಅಂದೆ, ಯಾರಂತ ಗೊತ್ತಿಲ್ಲೋ ಯಪ್ಪಾ, ಶಟ್ಟೆವ್ವ ಹಾಡ್ಯಾಡಿ ಅಳಾಕತ್ತಾಳು ಅಂದಳು, ನಿಲ್ಲಲಿಲ್ಲ. ನನ್ನ ಕಾಲು ನಿಂತವು. ಇಲ್ಲಿಯ ರೂಢಿ ಅದು, ಅಳು ಕಿವಿಗೆ ಬಿತ್ತೆಂದರೆ ಕೈಯಲ್ಲಿದ್ದದ್ದನ್ನು ಬಿಟ್ಟು ಓಡಬೇಕು, ಯಾರು ಸತ್ತರು ಅಂತ ಹೊಸ್ತಿಲಲ್ಲಿ ಕೇಳುವ ಹಾಗಿಲ್ಲ, ಮೊದಲು ಒಳಗೆ ಹೋಗಿ ಕುಳಿತು ಅಳಬೇಕು, ಆಮೇಲೆ ಕೇಳುವುದು, ಇನ್ನೊಂದು ಬಾಗಿಲು ತೆರೆಯಿತು, ಇನ್ನಿಬ್ಬರು ಹೆಂಗಸರು, ಸೆರಗು ತಲೆಗೆ, ಈಗ ನನಗೂ ಕೇಳುತ್ತಿದೆ, ಗೋಡೆಗಳ ಆಚೆಯಿಂದ, ಪಂಚಮಿ ಬಂತಲ್ಲೋ ನನ ತಮ್ಮಾ. ಇದು ಟೇಪೇ, ಟೇಪಲ್ಲದೆ ಇನ್ನೇನು, ಆದರೆ ನಿಜವಾಗಿ ಅತ್ತರೂ ಅವಳು ಹೀಗೇ ಅಳುತ್ತಾಳೆ, ಇದೇ ಸಾಲು, ಇದೇ ಎಳೆತ, ನಿಜಗುಣಾ ನನ ತಮ್ಮಾ, ನಿಜಗುಣಾ ನನ ತಮ್ಮಾ, ಅಳುವವರೂ ಒಂದೇ ಮಾತನ್ನು ಹದಿನಾಲ್ಕು ಸಲ ಅನ್ನುತ್ತಾರೆ, ಐದು, ಆರು, ಗಿಟಾರು ಎಲ್ಲಿ, ಎಂಟಕ್ಕೆ ಗಿಟಾರು ಬರಬೇಕು, ನಾನೇ ಇಟ್ಟದ್ದು, ಏಳು, ನನ್ನ ಕೆಲಸದಲ್ಲಿ ದೇವರಿದ್ದರೆ ಈಗ ಬಾ, ಬಾರೋ ಗಿಟಾರೇ, ಎಂಟು — ಬಂತು, ಸೀಳಿಕೊಂಡು, ಕರ್ಕಶವಾಗಿ, ನನ್ನ ಸುಡುಗಾಡು ಗಿಟಾರು, ನಾನು ಓಣಿಯ ನಡುವೆ ನಿಂತು ನಕ್ಕೆ, ಜೋರಾಗಿ ನಕ್ಕೆ, ಅಳುತ್ತ ಓಡುತ್ತಿದ್ದ ಹೆಂಗಸೊಬ್ಬಳು ತಿರುಗಿ ನೋಡಿದಳು. ಟೇಪು, ಬರೀ ಟೇಪು.

ಈಗ ಹೋಗಿ ಆರಿಸಬೇಕು, ಅತ್ತೆಯ ಕಾಲು ಹಿಡಿಯಬೇಕು, ಬೈಯಲಿ, ಪೊರಕೆ ತಗೊಳ್ಳಲಿ, ಅಪ್ಪನಿಗೆ ಎಲ್ಲ ಹೇಳಿಬಿಡುತ್ತೇನೆ, ಅವನು ನಗುತ್ತಾನೆ, ಸತ್ತ ಮ್ಯಾಲೆ ಅಕ್ಕ ಹೆಂಗ ಅಳತಾಳಂತ ಇದ್ದಾಗನ ಕೇಳಿದ್ನಲ್ಲೋ ಅನ್ನುತ್ತಾನೆ, ಅದು ಅವನ ಮಾತು, ನಾಳೆ ಪಂಚಮಿ, ಆಮೇಲೆ ಬೆಳಗಾವಿ — ಹೊಸ್ತಿಲ ಹೊರಗೆ ಏಳೆಂಟು ಜೊತೆ ಚಪ್ಪಲಿ, ಒಳಗೆ ಕತ್ತಲು, ಬಿಸಿಲಿನಿಂದ ಬಂದ ಕಣ್ಣಿಗೆ ಮೊದಲು ಏನೂ ಕಾಣಲಿಲ್ಲ, ಟೇಪಿನಲ್ಲಿ ಕೂಗು ಶುರುವಾಗಿದೆ, ಸ್ಪೀಕರಿನ ಆ ಉದ್ದನೆಯ ಕೂಗು, ಹೆಂಗಸರು ಅರ್ಧವರ್ತುಲವಾಗಿ ಕುಳಿತಿದ್ದಾರೆ, ಮರೆವ್ವ ನೆಲ ಬಡಿದು ಅಳುತ್ತಿದ್ದಾಳೆ, ಅತ್ತೆ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಾಳೆ, ಅವಳ ಬಾಯಿ ತೆರೆದಿದೆ, ದನಿಯಿಲ್ಲ, ದನಿಯೆಲ್ಲ ಟೇಪಿನಲ್ಲಿದೆ, ನನ್ನನ್ನು ನೋಡಿದಳು, ತಗೀತೇನಿ ಅಂದಿದ್ದೆಲ್ಲೋ ಅಂದಳು, ಕೂಗಿನಲ್ಲಿ ನನಗೆ ಕೇಳಲಿಲ್ಲ, ತುಟಿಯಿಂದ ತಿಳಿಯಿತು. ಹೆಂಗಸರ ನಡುವೆ ಅಪ್ಪ, ಗೋಡೆಗೆ ಒರಗಿ, ಚಕ್ಕಳಮಕ್ಕಳ ಹಾಕಿ, ಹಣೆಗೆ ವಿಭೂತಿ, ಅದು ದಿನಾ ಹಚ್ಚಿಕೊಳ್ಳುವುದೇ, ತಲೆಗೆ ಹಬ್ಬದ ರುಮಾಲು, ಅದು ತಾನೇ ಸುತ್ತಿಕೊಂಡದ್ದೇ, ಕಣ್ಣು ಮುಚ್ಚಿದ್ದಾನೆ, ಹಾಡು ಕೇಳುವಾಗ ಕಣ್ಣು ಮುಚ್ಚುತ್ತಾನೆ, ಯಾವಾಗಲೂ, ಇಷ್ಟು ಜನ ಬಂದದ್ದು ಅವನಿಗೆ ಕೇಳಿಲ್ಲ, ಕಿವಿ ಮಂದ, ಕೂಗಿದರೂ ಕೇಳುವುದಿಲ್ಲ, ಭುಜ ಮುಟ್ಟಬೇಕು, ನಾಲ್ಕೇ ಹೆಜ್ಜೆ, ಅವನ ಬಲಗೈ ತೊಡೆಯ ಮೇಲಿದೆ, ತಾಳ ಹಾಕುತ್ತಿದ್ದ ಕೈ, ನಾನು ಹೊಸ್ತಿಲು ದಾಟುವಾಗ ಆಡುತ್ತಿತ್ತು, ಕಂಡೆ, ಆಡುತ್ತಿತ್ತು ಅಂತಲೇ ಕಂಡೆ, ಈಗ ಆಡುತ್ತಿಲ್ಲ, ಈ ಕೂಗಿಗೆ ತಾಳವಿಲ್ಲವಲ್ಲ, ಅದಕ್ಕೇ, ತಾಳವಿಲ್ಲದ್ದಕ್ಕೆ ಯಾರು ತಾಳ ಹಾಕುತ್ತಾರೆ, ನಾಲ್ಕು ನಿಮಿಷ, ನಾನೇ ಉದ್ದ ಮಾಡಿದ್ದು, ಟೇಪು ನನ್ನ ಕೈಗೆ ಎಟುಕುತ್ತದೆ, ಆರಿಸಿದರೆ ಮನೆ ಸುಮ್ಮನಾಗುತ್ತದೆ, ಸುಮ್ಮನಾದರೆ ಅವನ ಉಸಿರು ಕೇಳಬೇಕು, ಕೇಳದಿದ್ದರೆ, ಆರಿಸಲಾರೆ, ಅತ್ತೆಯೂ ಆ ಕೈಯನ್ನೇ ನೋಡುತ್ತಿದ್ದಾಳೆ, ಮರೆವ್ವ ಅಳು ನಿಲ್ಲಿಸಿ ನೋಡುತ್ತಿದ್ದಾಳೆ, ತೊಡೆಯ ಮೇಲಿನ ಕೈ ಮೆಲ್ಲಗೆ ಮಗುಚಿ ಜಾರಿ ನೆಲಕ್ಕೆ ಬಂತು, ನಿದ್ದೆಯಲ್ಲೂ ಹಾಗೇ ಜಾರುತ್ತದೆ, ನಿದ್ದೆ ಹತ್ತಿದವರಿಗೂ, ಎತ್ತಪಾ, ಒಂದ ಸಲ ಎತ್ತು, ಅಂಗೈ ಮೇಲಾಗಿದೆ, ಗೆರೆಗಳಲ್ಲಿ ಹಿಟ್ಟು ಕೂತ ಅಂಗೈ, ಕೂಗು ನಡೆದಿದೆ, ಅಂಗೈ ಮೇಲಾಗಿದೆ, ಬೆರಳು ಅರ್ಧ ಮಡಿಚಿವೆ, ಅಂಗೈ, ಅಪ್ಪಾ, ಅಂಗೈ ಮೇಲಾಗಿ, ಕೈ